‘ನಿಜಾಮರ ಫೌಜು’ ಎಂದರೆ ಯಾವ ಫೌಜು? ನಮ್ಮ ಹಿರಿಯರ ಸೈನಿಕ ದಾಖಲೆಗಳ ಹುಡುಕಾಟ

ಬಸವಕಲ್ಯಾಣ, ಹುಮನಾಬಾದ್ ಹಾಗೂ ಸುತ್ತಲಿನ ಹಳ್ಳಿಗಳ ಮುಸ್ಲಿಂ ಮನೆತನಗಳಲ್ಲಿ ಹಿರಿಯರ ಮಾತು ಬಂದಾಗ ಒಂದು ವಾಕ್ಯ ಆಗಾಗ ಕೇಳಿಬರುತ್ತದೆ: “ನಮ್ಮ ಪರದಾದಾ ನಿಜಾಮರ ಫೌಜಿನಲ್ಲಿದ್ದರು.” ಯಾವ ಪಲ್ಟನ್ನು, ಯಾವ ಹುದ್ದೆ, ಯಾವ ವರ್ಷ, ಯಾವ ಮುಲ್ಕಿಗೆ ಹೋಗಿದ್ದರು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮನೆಯ ಗೋಡೆಗೆ ತೂಗುಹಾಕಿದ್ದ ಕತ್ತಿ ಈಗಿಲ್ಲ. ಕಾಗದಪತ್ರ ಗೆದ್ದಲಿಗೆ ಹೋಗಿದೆ ಅಥವಾ ಉರ್ದು ಓದಬಲ್ಲವರಿಲ್ಲದೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದೆ. ಹೀಗೆ ಒಂದು ತಲೆಮಾರಿನ ಬದುಕೇ ಒಂದು ವಾಕ್ಯವಾಗಿ ಉಳಿದುಕೊಂಡಿದೆ.

ಇತಿಹಾಸವೆಂದರೆ ಸುಲ್ತಾನರ, ನವಾಬರ ಕಥೆ ಮಾತ್ರವಲ್ಲ. ಆರೇಳು ರೂಪಾಯಿಯಿಂದ ಹಿಡಿದು ಹತ್ತಿಪ್ಪತ್ತು ರೂಪಾಯಿ ತಿಂಗಳ ಪಗಾರಕ್ಕಾಗಿ ಮನೆ ಬಿಟ್ಟು ಸಮುದ್ರ ದಾಟಿದ ಸಾಮಾನ್ಯನದೂ ಇತಿಹಾಸವೇ. ಅದನ್ನು ದಾಖಲೆಗಳ ಆಧಾರದಿಂದ ಹುಡುಕುವುದು ಹೇಗೆ, ಹುಡುಕಬೇಕಾದದ್ದು ಏಕೆ ಎಂಬುದನ್ನು ನಮ್ಮ ಸಂಘದ ಸದಸ್ಯರಿಗೆ ಮತ್ತು ವಿದ್ಯಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಒಂದು ಹೆಸರು, ಹಲವು ಫೌಜು

ಮೊದಲು ಅರಿಯಬೇಕಾದ ಸಂಗತಿ ಎಂದರೆ ‘ನಿಜಾಮರ ಫೌಜು’ ಎಂಬುದು ಒಂದೇ ಸೈನ್ಯವಾಗಿರಲಿಲ್ಲ. ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ಕನಿಷ್ಠ ನಾಲ್ಕು ಬಗೆಯ ಸೈನ್ಯಗಳಿದ್ದವು.

ಮೊದಲನೆಯದು ಹೈದರಾಬಾದ್ ಕಂಟಿಂಜೆಂಟ್. ಇದರ ಮೂಲ 1813ರ ಸುಮಾರಿಗೆ ಬ್ರಿಟಿಷ್ ರೆಸಿಡೆಂಟ್ ಹೆನ್ರಿ ರಸೆಲ್ ಕಟ್ಟಿದ ರಸೆಲ್ ಬ್ರಿಗೇಡ್. ಹಣ ನಿಜಾಮರದು, ಅಧಿಕಾರಿಗಳು ಮತ್ತು ಹುಕುಮು ಬ್ರಿಟಿಷರದು. 1853ರ ಒಪ್ಪಂದದಂತೆ ಇದರಲ್ಲಿ ಕನಿಷ್ಠ 5000 ಪದಾತಿಗಳು, 2000 ಕುದುರೆ ಸವಾರರು ಮತ್ತು 4 ತೋಪುಖಾನೆಗಳು ಇರಬೇಕಾಗಿತ್ತು. ಈ ಖರ್ಚಿಗಾಗಿ ನಿಜಾಮರು ಬೇರಾರ್ ಪ್ರಾಂತವನ್ನೂ, ಅದರ ಜೊತೆಗೆ ರಾಯಚೂರು ದೋಆಬ್ ಮತ್ತು ಧಾರಾಶಿವ ಪ್ರದೇಶವನ್ನೂ ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. ಕೊನೆಯ ಎರಡು 1860ರಲ್ಲಿ ಮರಳಿ ಬಂದವು. ಬೊಲಾರಂ, ಔರಂಗಾಬಾದ್, ಹಿಂಗೋಲಿ, ಜಾಲ್ನಾ ಮುಂತಾದೆಡೆ ಈ ಸೈನ್ಯದ ಛಾವಣಿಗಳಿದ್ದವು. ನಮ್ಮ ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲೂ ಒಂದು ಕಾಲಕ್ಕೆ ಛಾವಣಿ ಇತ್ತು. 1903ರಲ್ಲಿ ಇಡೀ ಕಂಟಿಂಜೆಂಟ್ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ವಿಲೀನವಾಯಿತು. ಅದರ ಕುದುರೆ ಪಡೆಗಳಿಗೆ 20ನೇ ಡೆಕ್ಕನ್ ಹಾರ್ಸ್, 29ನೇ ಲ್ಯಾನ್ಸರ್ಸ್, 30ನೇ ಲ್ಯಾನ್ಸರ್ಸ್ ಎಂದು ಹೆಸರಾಯಿತು. ಪದಾತಿ ಪಲ್ಟನ್ನುಗಳಿಗೆ 94 ಮತ್ತು 95ನೇ ರಸೆಲ್ಸ್, 96ನೇ ಬೇರಾರ್, 97ನೇ ಡೆಕ್ಕನ್, 98ನೇ ಇನ್‌ಫೆಂಟ್ರಿ ಮುಂತಾದ ಹೊಸ ಹೆಸರುಗಳು ಬಂದವು.

ಎರಡನೆಯದು ನಿಜಾಮರ ಸ್ವಂತ ಬಾಕಾಯದಾ ಫೌಜು, ಅಂದರೆ ರೆಗ್ಯುಲರ್ ಸೈನ್ಯ. 1893ರಲ್ಲಿ ಸಾಮ್ರಾಜ್ಯದ ಯುದ್ಧಗಳಿಗೆಂದೇ ಕಟ್ಟಿದ ಹೈದರಾಬಾದ್ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯೂ ನಿಜಾಮರ ಖಜಾನೆಯಿಂದಲೇ ಪಗಾರ ಪಡೆಯುತ್ತಿತ್ತು.

ಮೂರನೆಯದು ನಜ್ಮ್-ಎ-ಜಮಿಯತ್ ಎಂಬ ಬೇಕಾಯದಾ ಫೌಜು. ಅರಬರು, ರೋಹಿಲರು ಮೊದಲಾದವರಿದ್ದ ಈ ದಳಗಳು ಖಜಾನೆಗಳ ಪಹರೆಯಂತಹ ಕೆಲಸ ಮಾಡುತ್ತಿದ್ದವು.

ನಾಲ್ಕನೆಯದು ಪಾಯಗಾ ಮತ್ತು ಜಹಗೀರುಗಳ ಪಡೆಗಳು. ಇಂದಿನ ಬೀದರ್ ಜಿಲ್ಲೆಯ ಬಹಳಷ್ಟು ಊರುಗಳು ಪಾಯಗಾ ಅಮೀರರ ಅಥವಾ ಜಹಗೀರುದಾರರ ಕೈಯಲ್ಲಿದ್ದವು. ಆಗ ಕಲ್ಯಾಣಿ ಎನ್ನಿಸಿಕೊಂಡಿದ್ದ ಬಸವಕಲ್ಯಾಣವೂ ಕಲ್ಯಾಣಿ ನವಾಬರ ಜಹಗೀರಾಗಿತ್ತು. ಕೋಟೆಯ ಪಹರೆಯ ಜವಾನನೂ, ಜಹಗೀರಿನ ಸವಾರನೂ ಮನೆಯವರ ಬಾಯಲ್ಲಿ ‘ಫೌಜಿ’ ಆಗಿಯೇ ಉಳಿದಿದ್ದಾನೆ. ಈ ಜಹಗೀರುಗಳೆಲ್ಲ 1949ರ ಆಗಸ್ಟ್ ತಿಂಗಳಲ್ಲಿ ರದ್ದಾದವು.

ಈ ಭೇದ ಯಾಕೆ ಮುಖ್ಯವೆಂದರೆ, ಸೈನ್ಯ ಬೇರೆಯಾದರೆ ದಫ್ತರ ಬೇರೆ, ದಫ್ತರ ಬೇರೆಯಾದರೆ ಭಾಷೆಯೂ ಊರೂ ಬೇರೆ. ಕಂಟಿಂಜೆಂಟಿನ ಸಿಪಾಯಿಯ ದಾಖಲೆ ಇಂಗ್ಲಿಷಿನಲ್ಲಿ ಬ್ರಿಟಿಷರ ದಫ್ತರದಲ್ಲಿ ಸೇರಿದೆ. ನಿಜಾಮರ ಸವಾರನದು 1880ರ ದಶಕದ ಮಧ್ಯಭಾಗದವರೆಗೆ ಫಾರಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ ಹೈದರಾಬಾದಿನಲ್ಲಿದೆ. ಎರಡನ್ನೂ ಒಂದೇ ಎಂದು ತಿಳಿದರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಈ ಗೊಂದಲ ಇನ್ನೂ ಹೆಚ್ಚು. 1941ರ ಡಿಸೆಂಬರ್ 8ರಂದು ಜಪಾನೀಯರು ಮಲಯಾದ ಕೋಟಾ ಬಾರು ಎಂಬಲ್ಲಿ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣದ ಕಾವಲಿಗೆ ಇದ್ದದ್ದು 1ನೇ ಹೈದರಾಬಾದ್ ಇನ್‌ಫೆಂಟ್ರಿ. ಇದು ನಿಜಾಮರ ಸೈನ್ಯ. ಅದೇ ಮಲಯಾದಲ್ಲಿ ಹೋರಾಡುತ್ತಿದ್ದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಬ್ರಿಟಿಷ್ ಇಂಡಿಯಾದ ಸೈನ್ಯ. ಇಬ್ಬರ ಹೆಸರಿನಲ್ಲೂ ‘ಹೈದರಾಬಾದ್’ ಇದೆ, ಆದರೆ ಒಡೆಯರು ಬೇರೆ, ದಾಖಲೆ ಬೇರೆ.

ಕಡಲಾಚೆಗೆ ಹೋದವರು

ಮೊದಲನೆಯ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ ಸುಮಾರು 13 ಲಕ್ಷ ಮಂದಿ ಸೇವೆ ಸಲ್ಲಿಸಿದರು; 74 ಸಾವಿರದಷ್ಟು ಜನ ಮರಳಿ ಬರಲಿಲ್ಲ. ದಖ್ಖನಿನ ಪಡೆಗಳು ಮೂರು ಖಂಡಗಳಿಗೆ ಹೋದವು. 98ನೇ ಇನ್‌ಫೆಂಟ್ರಿ 1914ರ ನವೆಂಬರಿನಲ್ಲಿ ಪೂರ್ವ ಆಫ್ರಿಕಾದ ಟಾಂಗಾದಲ್ಲಿ ಇಳಿಯಿತು. 97ನೇ ಡೆಕ್ಕನ್ ಮೊದಲಾದ ಪಲ್ಟನ್ನುಗಳು ಇರಾಕಿನ ರಣರಂಗಕ್ಕೆ ಹೋದವು. ನಮ್ಮ ಅಜ್ಜಿಯರ ಬಾಯಲ್ಲಿ ಬರುವ ‘ಬಸ್ರಾ’ ಇದೇ. 20ನೇ ಡೆಕ್ಕನ್ ಹಾರ್ಸ್ ಫ್ರಾನ್ಸಿಗೆ ಹೋಗಿ 1916ರ ಜುಲೈ 14ರಂದು ಸೋಮ್ ಕದನದ ಹೈ ವುಡ್ ಬಳಿ ಮೆಷಿನ್‌ಗನ್ನುಗಳ ಎದುರು ಕುದುರೆ ಏರಿ ನುಗ್ಗಿತು. 1918ರಲ್ಲಿ ಅದನ್ನು ಈಜಿಪ್ಟ್ ಮತ್ತು ಪ್ಯಾಲೆಸ್ತೀನಿಗೆ ಕಳಿಸಲಾಯಿತು.

ನಿಜಾಮರ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ 1914ರಲ್ಲೇ ಈಜಿಪ್ಟಿಗೆ ತೆರಳಿ ಸುಯೆಜ್ ಕಾಲುವೆಯ ರಕ್ಷಣೆಗೆ ನಿಂತಿತು. ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್ ಜೊತೆಗೂಡಿ ಅದು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. ಈ ಮೂರು ಸಂಸ್ಥಾನಗಳ ಸೈನಿಕರ ನೆನಪಿಗಾಗಿಯೇ 1922ರಲ್ಲಿ ದೆಹಲಿಯಲ್ಲಿ ಮೂರು ಪ್ರತಿಮೆಗಳನ್ನು ನಿಲ್ಲಿಸಿದರು. ‘ತೀನ್ ಮೂರ್ತಿ’ ಎಂಬ ಹೆಸರು ಬಂದದ್ದು ಅದರಿಂದಲೇ. 2018ರಲ್ಲಿ ಆ ವೃತ್ತಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ್’ ಎಂದು ಹೆಸರಿಟ್ಟರು.

ಇಲ್ಲಿ ನಮ್ಮ ಸಮಾಜ ಎದುರಿಸಬೇಕಾದ ಒಂದು ಕಠಿಣ ಸತ್ಯವಿದೆ. ಎದುರಾಳಿ ತುರ್ಕಿಯಾಗಿತ್ತು, ತುರ್ಕಿಯ ಸುಲ್ತಾನರು ಖಲೀಫರೂ ಆಗಿದ್ದರು. ಶುಕ್ರವಾರದ ಖುತ್ಬಾದಲ್ಲಿ ಖಲೀಫರಿಗಾಗಿ ದುಆ ಕೇಳಿ ಬೆಳೆದ ಸವಾರನನ್ನು ಅವರದೇ ಸೈನ್ಯದ ಎದುರು ನಿಲ್ಲಿಸಲಾಯಿತು. 1914ರ ನವೆಂಬರಿನಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಮುಸ್ಲಿಮರು ಬ್ರಿಟಿಷ್ ಸರ್ಕಾರಕ್ಕೆ ನಿಷ್ಠರಾಗಿರಬೇಕೆಂದು ಪ್ರಕಟಣೆ ಹೊರಡಿಸಿದರು. ಸವಾರನ ಮನಸ್ಸಿನಲ್ಲಿ ಏನಿತ್ತೆಂದು ಯಾವ ಪ್ರಕಟಣೆಯಲ್ಲೂ ಬರೆದಿಲ್ಲ. ವಿಧಿಯ ಆಟ ನೋಡಿ: 1924ರಲ್ಲಿ ಖಿಲಾಫತ್ ರದ್ದಾಯಿತು, 1931ರಲ್ಲಿ ಕೊನೆಯ ಖಲೀಫರ ಮಗಳು ದುರ್ರುಶಹ್‌ವಾರ್ ಇದೇ ನಿಜಾಮರ ಸೊಸೆಯಾದರು. ಇತಿಹಾಸವನ್ನು ಅಭಿಮಾನದಿಂದ ಮಾತ್ರ ಓದಿದರೆ ಇಂತಹ ಗಂಟುಗಳು ಬಿಡಿಸಿಕೊಳ್ಳುವುದಿಲ್ಲ.

ಒಂದು ಕಾಗದ ಹೇಳಿದ ಮಾತು

ದಾಖಲೆಯನ್ನು ಓದುವ ಬಗೆಗೆ ನಮ್ಮ ಮನೆತನದ್ದೇ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಪರದಾದಾ ಮಿಸ್ರ್ ದೇಶಕ್ಕೆ ಹೋಗಿ ಬಂದ ರಿಸಾಲ್ದಾರರೆಂದೂ, ಹೈಫಾ ಶಹರವನ್ನು ಗೆದ್ದ ದಾಳಿಯಲ್ಲಿ ಇದ್ದರೆಂದೂ ಮನೆಯಲ್ಲಿ ಹೇಳುತ್ತಿದ್ದರು. ಉಳಿದದ್ದು ಒಂದೇ ಒಂದು ಕಾಗದ. ಮಡಿಕೆಯಲ್ಲಿ ಹರಿದಿದೆ, ಮುದ್ರೆ ಮಸುಕಾಗಿದೆ. ನಮ್ಮ ಫುಪ್ಪು ಅದನ್ನು ಜಮೀನಿನ ಕಾಗದವೆಂದೇ ತಿಳಿದು ಜೋಪಾನ ಮಾಡಿದ್ದರು.

ಓದಿ ನೋಡಿದಾಗ ಅದು ‘ವಜೀಫಾ-ಎ-ಹುಸ್ನ್-ಎ-ಖಿದ್ಮತ್’ ಎಂಬ ತಲೆಬರಹದ ಕಾಗದ. ಸೇವಾ ಪಿಂಚಣಿಗೆ ಹೈದರಾಬಾದ್ ಸರ್ಕಾರ ಬಳಸುತ್ತಿದ್ದ ಮಾತು ಅದು. ಅಂದಮೇಲೆ ಪಿಂಚಣಿ ಕೊಟ್ಟದ್ದು ನಿಜಾಮರ ಖಜಾನೆ, ಬ್ರಿಟಿಷರಲ್ಲ. ಮಿಸ್ರ್‌ಗೆ ಹೋದ ದಖ್ಖನಿನ ಕುದುರೆ ಪಡೆಗಳಲ್ಲಿ ನಿಜಾಮರ ಖಜಾನೆಗೆ ಸೇರಿದ್ದು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಮಾತ್ರ. ಡೆಕ್ಕನ್ ಹಾರ್ಸ್ ಇರಬಹುದೆಂಬ ಊಹೆ ಅಲ್ಲಿಗೆ ಬಿದ್ದುಹೋಯಿತು.

ತಾರೀಖು ‘ಫರ್ವರ್ದಿ 1330 ಫಸ್ಲಿ’ ಎಂದಿತ್ತು. ಫಸ್ಲಿ ವರ್ಷ ನಮ್ಮ ಭಾಗದ ಹಳೆಯ ಪಹಣಿ, ಸನದುಗಳಲ್ಲೂ ಬರುವುದರಿಂದ ವಿದ್ಯಾರ್ಥಿಗಳು ಇದರ ಲೆಕ್ಕವನ್ನು ಕಲಿಯಬೇಕು. ಹೈದರಾಬಾದಿನ ಫಸ್ಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. ಆಮೇಲೆ ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಉರ್ದಿಬಿಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590, ಜನವರಿಯ ನಂತರದ್ದಕ್ಕೆ 591 ಕೂಡಿಸಿದರೆ ಇಸವಿ ಸಿಗುತ್ತದೆ. ಫರ್ವರ್ದಿ ಬರುವುದು ಫೆಬ್ರವರಿ–ಮಾರ್ಚ್‌ನಲ್ಲಿ. ಹಾಗಾಗಿ ಆ ಕಾಗದ 1921ರದು. ಯುದ್ಧ ಮುಗಿದ ಮೇಲಿನ ನಿವೃತ್ತಿ ಎಂಬುದು ಸರಿಹೊಂದಿತು.

ಹುದ್ದೆಯ ಜಾಗದಲ್ಲಿ ಬರೆದಿದ್ದದ್ದು ‘ಸವಾರ್’. ರಿಸಾಲ್ದಾರನೂ ಅಲ್ಲ, ದಫೇದಾರನೂ ಅಲ್ಲ. ಕುದುರೆ ಪಡೆಯ ಕೊನೆಯ ಮೆಟ್ಟಿಲು. ಇನ್ನು ಹೈಫಾ. 1918ರ ಸೆಪ್ಟೆಂಬರ್ 23ರಂದು ಆ ಶಹರದ ಮೇಲೆ ದಾಳಿ ಮಾಡಿದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಹೈದರಾಬಾದ್ ಲ್ಯಾನ್ಸರ್ಸ್ ಅದೇ ಬ್ರಿಗೇಡಿನದಾದರೂ ಆ ದಿನ ಬೇರೆ ಕೆಲಸದ ಮೇಲಿತ್ತು. ಮನೆಯಲ್ಲಿ ಈ ಮಾತು ಹೇಳಿದಾಗ ಕೆಲವರಿಗೆ ಬೇಸರವಾಯಿತು. ರಿಸಾಲ್ದಾರರ ಮೊಮ್ಮಕ್ಕಳೆನ್ನುವ ಹೆಮ್ಮೆ ಹೋಯಿತಲ್ಲ ಎಂದರು. ನನಗೆ ಹಾಗನ್ನಿಸಲಿಲ್ಲ. ಇಲ್ಲದ ರಿಸಾಲ್ದಾರನಿಗಿಂತ ಇದ್ದ ಸವಾರ ದೊಡ್ಡವನು. ಪಿಂಚಣಿ ಪಡೆಯುವಷ್ಟು ಕಾಲ ದುಡಿದು, ಪರದೇಶದ ಮರಳಿನಲ್ಲಿ ಕುದುರೆ ಮೇಯಿಸಿ, ಜೀವಂತವಾಗಿ ಮನೆಗೆ ಬಂದವರು ಅವರು. ನಾವು ಇರುವುದೇ ಅದರಿಂದ.

1948ರ ನಂತರದ ಮೌನ

ಈ ಭಾಗದಲ್ಲಿ ಕಾಗದಗಳು ಇಷ್ಟು ಕಡಿಮೆ ಉಳಿದಿರುವುದಕ್ಕೆ ಗೆದ್ದಲೊಂದೇ ಕಾರಣವಲ್ಲ. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಖ್ಯ ಪಡೆ ಸೋಲಾಪುರದಿಂದ ನಳದುರ್ಗ, ಉಮರ್ಗಾ, ರಾಜೇಶ್ವರ ಮಾರ್ಗವಾಗಿ ಇದೇ ಹುಮನಾಬಾದಿನ ರಸ್ತೆಯಲ್ಲಿ ಸಾಗಿತು. ಸೆಪ್ಟೆಂಬರ್ 18ರಂದು ನಿಜಾಮರ ಸೇನಾಧಿಪತಿ ಮೇಜರ್ ಜನರಲ್ ಎಲ್ ಎದ್ರೂಸ್ ಶರಣಾದರು. ನಿಜಾಮರ ಸೈನ್ಯ ವಿಸರ್ಜನೆಯಾಯಿತು.

ಅದಕ್ಕೆ ಮೊದಲು ಕಾಸಿಂ ರಜ್ವಿಯ ರಜಾಕಾರರು ಮಾಡಿದ ಅನ್ಯಾಯವನ್ನು ಯಾರೂ ಮುಚ್ಚಿಡುವಂತಿಲ್ಲ. 1948ರ ಮೇ ತಿಂಗಳಲ್ಲಿ ನಮ್ಮ ನೆರೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಈ ಭಾಗದ ಎಲ್ಲರ ದುಃಖ. ಕಾರ್ಯಾಚರಣೆಯ ನಂತರ ಬೀದರ್, ಗುಲ್ಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ರಜಾಕಾರರಲ್ಲದ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿ ಬಲಿಯಾದದ್ದೂ ನಿಜ. ಪ್ರಧಾನಿ ನೆಹರೂ ಅವರು ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಇದನ್ನು ವರದಿ ಮಾಡಿತು. ಆ ವರದಿ ಸಾರ್ವಜನಿಕರ ಓದಿಗೆ ಸಿಕ್ಕಿದ್ದು 2013ರಲ್ಲಿ. ಎರಡೂ ದುಃಖಗಳನ್ನು ಒಟ್ಟಿಗೆ ಹೇಳುವ ಧೈರ್ಯ ನಮಗಿರಬೇಕು.

ಆ ದಿನಗಳಲ್ಲಿ ನಿಜಾಮರ ಮುದ್ರೆಯಿದ್ದ ಯಾವ ಕಾಗದವೂ ಭಯದ ವಸ್ತುವಾಯಿತು. ವರ್ದಿ, ಬಿಲ್ಲೆ, ಕತ್ತಿಗಳನ್ನು ಬಾವಿಗೆ ಹಾಕಿದರು, ಕಾಗದಗಳನ್ನು ಒಲೆಗೆ ಹಾಕಿದರು ಎಂಬ ಮಾತನ್ನು ಬಸವಕಲ್ಯಾಣ, ಹುಮನಾಬಾದಿನ ಹಲವು ಹಿರಿಯರಿಂದ ಕೇಳಿದ್ದೇನೆ. ಪಿಂಚಣಿ ಪಡೆಯುತ್ತಿದ್ದ ಮುದುಕ ಸಿಪಾಯಿಗೂ ರಜಾಕಾರನಿಗೂ ಇದ್ದ ವ್ಯತ್ಯಾಸ ಕೇಳುವಷ್ಟು ವ್ಯವಧಾನ ಆಗ ಯಾರಿಗಿತ್ತು? ಇಂದಿಗೂ ‘ನಿಜಾಮರ ಫೌಜು’ ಎಂದೊಡನೆ ಕೆಲವರ ಹುಬ್ಬು ಮೇಲೇರುತ್ತದೆ. ನಮ್ಮ ಹುಡುಗರು ಉತ್ತರ ತಿಳಿಯದೆ ತಲೆ ತಗ್ಗಿಸುತ್ತಾರೆ. ಈ ಗೊಂದಲಕ್ಕೆ ಮದ್ದು ವಾದವಲ್ಲ, ದಾಖಲೆ. 1921ರಲ್ಲಿ ನಿವೃತ್ತನಾದ ಸವಾರ ರಜಾಕಾರನಾಗಿರಲಿಲ್ಲ, ಒಂದು ಸರ್ಕಾರದ ನೌಕರನಾಗಿದ್ದ ಎಂದು ಕಾಗದ ಹೇಳುತ್ತದೆ. ನಮ್ಮ ಮನೆತನದಲ್ಲಿ ಯಾರಾದರೂ ತಪ್ಪು ಮಾಡಿದ್ದರೆ ಅದನ್ನೂ ಕಾಗದವೇ ಹೇಳಲಿ. ಎರಡಕ್ಕೂ ಸಿದ್ಧರಿರುವವನೇ ಇತಿಹಾಸದ ವಿದ್ಯಾರ್ಥಿ.

ದಾಖಲೆ ಎಲ್ಲಿ ಹುಡುಕಬೇಕು?

ಮೊದಲು ಮನೆ. ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಸರ್ಟಿಫಿಕೇಟು, ನಿಕಾಹ್‌ನಾಮೆಯಲ್ಲಿ ಬರೆದ ಹುದ್ದೆ, ಕಬರಿನ ಕಲ್ಲು, ಎಲ್ಲವೂ ಸಾಕ್ಷಿಯೇ. ಮೊದಲನೆಯ ಮಹಾಯುದ್ಧದ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟನ್ನು ಕೊರೆದಿರುತ್ತದೆ. ಯುದ್ಧ ಪದಕ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಅದು ಕೂಲಿ ದಳಗಳಲ್ಲಿ ದುಡಿದವರಿಗೆ ಕೊಟ್ಟದ್ದು. ಪದಕವನ್ನು ಉಜ್ಜಿ ಹೊಳಪು ಮಾಡಬೇಡಿ, ಅಕ್ಷರ ಸವೆಯುತ್ತದೆ. ಅಕ್ಕಸಾಲಿಗನಿಗಂತೂ ಕೊಡಲೇಬೇಡಿ.

ಎರಡನೆಯದು ಹುದ್ದೆಯ ಪದ. ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್ ಎಂದಿದ್ದರೆ ಪದಾತಿ. ಸವಾರ್, ದಫೇದಾರ್, ರಿಸಾಲ್ದಾರ್ ಎಂದಿದ್ದರೆ ಕುದುರೆ ಪಡೆ. ‘ಜಮಾದಾರ್’ ಎರಡರಲ್ಲೂ ಇತ್ತು. ಸಿಲೇದಾರನೆಂದರೆ ಸ್ವಂತ ಕುದುರೆಯೊಡನೆ ನೌಕರಿಗೆ ಸೇರಿದವನು. ಬಾರಗೀರನೆಂದರೆ ಬೇರೆಯವರ ಕುದುರೆ ಏರಿದವನು.

ಮೂರನೆಯದು ಪತ್ರಾಗಾರಗಳು. ನಿಜಾಮರ ಸರ್ಕಾರದ ದಫ್ತರಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಬ್ರಿಟಿಷ್ ಸರ್ಕಾರದ ಸೈನಿಕ ಇಲಾಖೆಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಮನೆಯಿಂದಲೇ ಸೂಚಿ ನೋಡಬಹುದು. ಜಮಾದಾರ್ ಮತ್ತು ಮೇಲಿನ ಹುದ್ದೆಯವರಾಗಿದ್ದರೆ ಹಳೆಯ ಇಂಡಿಯನ್ ಆರ್ಮಿ ಲಿಸ್ಟ್ ಪುಸ್ತಕಗಳಲ್ಲಿ ಹೆಸರು ಸಿಗುತ್ತದೆ.

ನಾಲ್ಕನೆಯದು ರೆಜಿಮೆಂಟಿನ ವಾರಸುದಾರರು. ಕಂಟಿಂಜೆಂಟಿನ ಪದಾತಿ ಪಲ್ಟನ್ನುಗಳು 1922ರಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಆದವು. 1945ರಲ್ಲಿ ಅದಕ್ಕೆ ಕುಮಾವೂ ರೆಜಿಮೆಂಟ್ ಎಂದು ಹೆಸರಾಯಿತು. ಹೀಗಾಗಿ ದಖ್ಖನಿನ ಸಿಪಾಯಿಯ ಪಲ್ಟನ್ನಿನ ಪರಂಪರೆ ಇಂದು ಹಿಮಾಲಯದ ರಾಣಿಖೇತಿನಲ್ಲಿದೆ. 20 ಮತ್ತು 29ನೇ ಕುದುರೆ ಪಡೆಗಳು ಕೂಡಿ ಡೆಕ್ಕನ್ ಹಾರ್ಸ್ ಆದವು. ಅದು ಈಗ ಭಾರತದ ಟ್ಯಾಂಕ್ ರೆಜಿಮೆಂಟ್. ಟ್ಯಾಂಕ್ ದಳದ ಕೇಂದ್ರ ಇರುವುದು ಈಗ ಅಹಿಲ್ಯಾನಗರವೆನ್ನುವ ಅಹಮದ್‌ನಗರದಲ್ಲಿ. ಸೈನ್ಯದ ನಿಯಮದಂತೆ ಪಿಂಚಣಿಯಿಲ್ಲದೆ ಬಿಟ್ಟವರ ಸೇವಾ ಕಾಗದಗಳನ್ನು 25 ವರ್ಷಗಳ ನಂತರ ನಾಶಮಾಡುತ್ತಾರೆ, ಆದರೆ ‘ಲಾಂಗ್ ರೋಲ್’ ಎಂಬ ಹೆಸರುಪಟ್ಟಿಯನ್ನು ಉಳಿಸುತ್ತಾರೆ. ಪತ್ರ ಬರೆಯುವಾಗ ಆ ಪಟ್ಟಿಯನ್ನೇ ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನೊಡನೆ ಅರ್ಜಿ ಹಾಕಬಹುದು.

ಐದನೆಯದು, ಯುದ್ಧದಲ್ಲಿ ಮಡಿದವರಿಗಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗೆ ಹೆಸರು ಕೊರೆದರು, ಭಾರತದ ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಕೆಳಗೆ ಬರೀ ಸಂಖ್ಯೆಯಾಗಿ ಬರೆದರು. ಹೀಗೆ ಭೇದ ಮಾಡಿದ್ದನ್ನು ಆಯೋಗವೇ 2021ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ನಾವು ಮಾಡಬಹುದಾದ ಕೆಲಸ

ಲಾಹೋರಿನ ವಸ್ತು ಸಂಗ್ರಹಾಲಯದಲ್ಲಿ ಪಂಜಾಬಿನ ಸುಮಾರು 3,20,000 ಸೈನಿಕರ ರಿಜಿಸ್ಟರುಗಳು ಒಂದು ಶತಮಾನ ಧೂಳು ತಿನ್ನುತ್ತ ಬಿದ್ದಿದ್ದವು. 2021ರಲ್ಲಿ ಬ್ರಿಟನ್ನಿನ ಪಂಜಾಬಿ ಪರಂಪರೆಯ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆಗೂಡಿ ಅವುಗಳನ್ನು ಜಾಲತಾಣಕ್ಕೆ ತರತೊಡಗಿತು. ಆ ಕೆಲಸಕ್ಕೆ ಮುಂದಾದದ್ದು ಸರ್ಕಾರವಲ್ಲ, ಒಂದು ಸಮಾಜ. ದಖ್ಖನಿನ ಸಿಪಾಯಿಗಳಿಗೂ ಅಂತಹದೊಂದು ಪಟ್ಟಿ ಬೇಕಲ್ಲವೇ?

ವಿದ್ಯಾರ್ಥಿ ಮಿತ್ರರೇ, ಈ ಕೆಲಸಕ್ಕೆ ಬೇಕಾದ ಬೀಗದ ಕೈ ನಿಮ್ಮ ಹತ್ತಿರವೇ ಇದೆ. ಉರ್ದು ಕಲಿತರೆ ಏನು ಪ್ರಯೋಜನ ಎಂದು ಕೇಳುವವರಿಗೆ ಇದೊಂದು ಉತ್ತರ: ಕಲ್ಯಾಣ ಕರ್ನಾಟಕದ ಹಳೆಯ ದಫ್ತರ ಮಾತನಾಡುವುದು ಉರ್ದುವಿನಲ್ಲಿ. ಸೈನಿಕರದಷ್ಟೇ ಅಲ್ಲ, ನಿಮ್ಮ ನೆರೆಯ ಲಿಂಗಾಯತ, ಮರಾಠ, ದಲಿತ ಮನೆತನಗಳ ಹೊಲದ ಕಾಗದಗಳೂ ಅದರಲ್ಲಿವೆ. ಶಿಕಸ್ತಾ ಬರಹವನ್ನೂ, ಲೆಕ್ಕಪತ್ರಗಳ ರಕಮ್ ಚಿಹ್ನೆಗಳನ್ನೂ ಓದಬಲ್ಲ ನಾಲ್ಕು ಹುಡುಗ ಹುಡುಗಿಯರು ಪ್ರತಿ ಊರಿನಲ್ಲಿ ತಯಾರಾದರೆ ಎಲ್ಲ ಜಾತಿ, ಧರ್ಮದವರಿಗೂ ಉಪಕಾರ. ಓದಿದ್ದನ್ನು ಕನ್ನಡದಲ್ಲಿ ಬರೆದಿಟ್ಟರೆ ನಾಡಿನ ಇತಿಹಾಸಕ್ಕೇ ಅದು ಸೇರ್ಪಡೆ.

ನಮ್ಮ ಸಂಘಕ್ಕೂ ಒಂದು ವಿನಂತಿ. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಮನೆತನಗಳಲ್ಲಿ ಉಳಿದಿರುವ ಇಂತಹ ಕಾಗದ, ಪದಕಗಳ ಒಂದು ರಿಜಿಸ್ಟರು ತೆರೆಯೋಣ. ಮೂಲ ಕಾಗದ ಮನೆಯಲ್ಲೇ ಇರಲಿ, ಸಂಘಕ್ಕೆ ಫೋಟೋ ಸಾಕು. ಹೆಸರು, ಊರು, ಪಲ್ಟನ್ನು, ಹುದ್ದೆ, ಫಸ್ಲಿ ಮತ್ತು ಇಸವಿ ಎಂದು ಐದು ಕಾಲಂ ಸಾಕು. ಎಂಬತ್ತು ದಾಟಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ರಜೆಯಲ್ಲಿ ಅವರ ಬಳಿ ಒಂದು ಗಂಟೆ ಕುಳಿತು, ಕೇಳಿದ್ದನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಹೇಳಿದ್ದೆಲ್ಲ ದಾಖಲೆಗೆ ಹೊಂದದಿರಬಹುದು. ಆದರೆ ಯಾವ ದಾಖಲೆ ಹುಡುಕಬೇಕೆಂದು ತೋರಿಸುವವರು ಅವರೇ. ಅಲ್ಲಾಹನು ಅವರಿಗೆ ದೀರ್ಘಾಯುಷ್ಯವನ್ನೂ, ನಮಗೆ ಕೇಳುವ ತಾಳ್ಮೆಯನ್ನೂ ಕರುಣಿಸಲಿ.